ಕೊನೆಯ ಸಾಲಿನ ದಾಳಿಂಬೆ

ಆ ಮನೆಯ ಸೊಸೆಗೆ ಸಿಟ್ಟು ಬಂದರೆ ಅವಳು ಮಾತಾಡುವುದಿಲ್ಲ, ಪಾತ್ರೆಗಳು ಮಾತಾಡುತ್ತವೆ. ಅವತ್ತು ಬೆಳಿಗ್ಗೆಯಂತೂ ತಟ್ಟೆ, ಲೋಟ, ಸೌಟು ಎಲ್ಲವೂ ಒಟ್ಟಿಗೆ ಬಾಯಿ ಬಿಟ್ಟಿದ್ದವು. ಹೊರಬಾಗಿಲ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದ ಅವಳ ಗಂಡ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ.

"ಸೋಮವಾರ ಟ್ರ್ಯಾಕ್ಟರ್‌ಗೆ ಹೇಳಿದೀನಿ. ಆ ಕರೀ ಪೈಪೆಲ್ಲ ಕಿತ್ತು ಮೂಲೆಗೆ ಹಾಕ್ತೀನಿ. ಮೊದಲಿನ ಹಾಗೆ ಕಾಲುವೆ ತೆಗೆದು ನೀರು ಬಿಡೋದೇ ಸರಿ," ಎಂದ.

ಒಳಗೆ ಸೌಟು ಬಿತ್ತು. ಆಮೇಲೆ ಸೊಸೆಯೇ ಬಾಗಿಲಿಗೆ ಬಂದಳು. "ಕಾಲುವೆ ತುಂಬೋಷ್ಟು ನೀರು ಎಲ್ಲಿದೆ ರೀ? ಬೋರು ಈಗಲೇ ಕೆಮ್ತಾ ಇದೆ. ಕಾಲುವೆಗೆ ಬಿಟ್ರೆ ಅದೂ ಕೈ ಎತ್ತಿಬಿಡುತ್ತೆ. ಕಾಯಿ ಇನ್ನೂ ನಿಂಬೆಹಣ್ಣಿನಷ್ಟಿದೆ."

"ಈಗ ಮಾತ್ರ ಏನು ಉಳಿದಿದೆ? ಕೊನೆಯ ಸಾಲಿಗೆ ಹೋಗಿ ನೋಡು, ಎಲೆ ಮುಟ್ಟಿದ್ರೆ ಪುಡಿ ಆಗುತ್ತೆ. ನಿನ್ನ ಸಂಘದವರು ಡ್ರಿಪ್ಪು ಡ್ರಿಪ್ಪು ಅಂತ ಕುಣಿದ್ರು, ನೀನೂ ಕುಣಿದೆ. ನಿನ್ನ ಮಾತು ಕೇಳಿ ನಾನು ಕೆಟ್ಟೆ."

ಸೊಸೆ ಒಳಗೆ ಹೋದಳು. ಆಮೇಲೆ ಪಾತ್ರೆಗಳೂ ಸುಮ್ಮನಾದವು. ಅದು ಇನ್ನೂ ಕೆಟ್ಟದಾಗಿತ್ತು.

ವಿಷಯ ಇಷ್ಟೇ. ಮಳೆ ಕಡಿಮೆ ಇರುವ ಸೀಮೆ. ಮೂರು ವರ್ಷ ಮಗುವಿನ ಹಾಗೆ ಸಾಕಿದ ದಾಳಿಂಬೆ ತೋಟ, ಇದೇ ಮೊದಲ ಫಸಲು. ಇರುವ ಒಂದು ಬೋರಿನ ನೀರು ಸಾಲುವುದಿಲ್ಲವೆಂದು ಹೋದ ವರ್ಷ ಸೊಸೆ ಹಟ ಹಿಡಿದು ಹನಿ ನೀರಾವರಿ ಹಾಕಿಸಿದ್ದಳು. ಮೊದಲು ಎಲ್ಲ ಚೆನ್ನಾಗಿತ್ತು. ಈ ಬೇಸಿಗೆಗೆ ಮೋಟಾರಿನಿಂದ ದೂರವಿದ್ದ ಸಾಲುಗಳು ಸೊರಗಲು ಶುರುವಾದವು. ಪೈಪು ಕಿತ್ತು ಕಾಲುವೆಗೆ ನೀರು ಬಿಟ್ಟರೆ ಬೋರು ಬತ್ತಿ ಇಡೀ ತೋಟವೇ ಹೋಗುತ್ತದೆ. ಬಿಡದಿದ್ದರೆ ಕೊನೆಯ ಸಾಲುಗಳು ಹೋಗುತ್ತವೆ. ಮನೆಯಲ್ಲಿ ನಿದ್ದೆ ಕೆಟ್ಟದ್ದು ಇದಕ್ಕೇ.

ಈ ಜಗಳವನ್ನೆಲ್ಲ ಕಿಟಕಿಯ ಪಕ್ಕ ಕಾಳು ಆರಿಸುತ್ತಾ ಕೇಳಿಸಿಕೊಂಡವಳು ಸೊಸೆಯ ಅತ್ತೆ. ಊರಿಗೆಲ್ಲ ಅವಳು ದೊಡ್ಡಮ್ಮ, ನಾವೂ ಹಾಗೇ ಕರೆಯೋಣ. ಸೊಸೆಯನ್ನು ಕಂಡರೆ ಅವಳಿಗೆ ಪ್ರೀತಿಯೇ. ಆದರೂ "ಕಾಲುವೆ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಳಗೊಳಗೇ ಹಿಗ್ಗಿಬಿಟ್ಟಳು. ಮೇಲೆ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಕಲ್ಲು ಹೆಕ್ಕುತ್ತಿದ್ದಳು.

ಅವಳು ನೀರು ಕಟ್ಟಿ ಬಾಳಿದವಳು. ನೀರು ಕಟ್ಟುವುದೆಂದರೆ ಏನು ಸಾಮಾನ್ಯವೇ! ಮೋಟಾರು ಶುರುವಾದ ಕೂಡಲೇ ಸೆರಗು ಸಿಕ್ಕಿಸಿ, ಗುದ್ದಲಿ ಹೆಗಲಿಗೇರಿಸಿ ಹೊರಡುತ್ತಿದ್ದಳು. ಗಂಡ ಬಾವಿಯ ಹತ್ತಿರ, ಇವಳು ಹೊಲದ ಆ ತುದಿಯಲ್ಲಿ. "ಬಂತೇನೇ?" ಎಂದು ಅವನು ಅಲ್ಲಿಂದ ಕೂಗುವುದು, "ಬಂತೂ, ಬಂತೂ" ಎಂದು ಇವಳು ಇಲ್ಲಿಂದ ಕೂಗುವುದು. ಒಣಮಣ್ಣಿನ ಮೇಲೆ ನೀರಿನ ನಾಲಿಗೆ ನಿಧಾನವಾಗಿ ಮುಂದೆ ಬರುತ್ತಿತ್ತು, ಗುಳುಗುಳು ಎನ್ನುತ್ತಾ, ಮುಂದೆ ಒಣ ಎಲೆ, ಇರುವೆ, ಕಡ್ಡಿ ಎಲ್ಲವನ್ನೂ ನೂಕಿಕೊಂಡು. ಒಂದು ಪಾತಿ ತುಂಬಿದ ಮೇಲೆ ಗುದ್ದಲಿಯಲ್ಲಿ ಎರಡೇಟು ಮಣ್ಣು ಹಾಕಿ ಬಾಯಿ ಮುಚ್ಚಿ, ಮುಂದಿನ ಪಾತಿಯ ಬಾಯಿ ಒಡೆಯಬೇಕು. ಕಾಲಬೆರಳ ಸಂದಿಯಲ್ಲಿ ಕೆಸರು. ಹಸಿಮಣ್ಣಿನ ವಾಸನೆ. ಮಧ್ಯೆ ಮಧ್ಯೆ ಗಂಡನ ಜೊತೆ ಕೂಗಾಡಿಕೊಂಡೇ ಮನೆಯ ಮಾತೆಲ್ಲ ಮುಗಿಯುತ್ತಿತ್ತು. ಅವರ ಗುಟ್ಟು ಅಕ್ಕಪಕ್ಕದ ನಾಲ್ಕು ಹೊಲಕ್ಕೂ ಗೊತ್ತಿತ್ತೆಂದು ಜನ ನಗುತ್ತಿದ್ದರು.

ಗಂಡ ಹೋದ. ಬಾವಿ ಬತ್ತಿತು, ಬೋರು ಬಂತು. ಆಮೇಲೆ ಈ ಪೈಪು. ಈಗ ಸ್ವಿಚ್ ಹಾಕಿದರೆ ಮುಗಿಯಿತು. ಸದ್ದಿಲ್ಲ, ಹರಿವಿಲ್ಲ. ಯಾರೂ ಯಾರನ್ನೂ ಕೂಗುವುದಿಲ್ಲ. ಗುದ್ದಲಿ ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ದೊಡ್ಡಮ್ಮನಿಗೆ ತಾನೂ ಹಾಗೇ ಮೂಲೆ ಸೇರಿದೆನಲ್ಲಾ ಅನ್ನಿಸುತ್ತಿತ್ತು. ಹೊಟ್ಟೆಗೆ ಕೊರತೆಯಿಲ್ಲ, ಮಗ ಸೊಸೆ ಒಳ್ಳೆಯವರು. ಆದರೆ ಬೆಳಿಗ್ಗೆ ಎದ್ದು ಹೋಗಬೇಕಾದ ಜಾಗವೇ ಇಲ್ಲದಿದ್ದರೆ ಎದ್ದು ಮಾಡುವುದಾದರೂ ಏನು?

ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಬಿಸಿಲು ಶುರುವಾದಾಗಿನಿಂದ ಅವಳೊಂದು ಕೆಲಸ ಹಚ್ಚಿಕೊಂಡಿದ್ದಳು. ಬೆಳಿಗ್ಗೆ ಚಹಾ ಕುಡಿದು, ಗೋಣಿಚೀಲ ಹೊಲಿಯುವ ದಬ್ಬಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವುದು. ಮೋಟಾರು ಮನೆಯ ಹತ್ತಿರದ ಗಿಡದ ಬುಡದಲ್ಲಿ ಕೂರುವುದು. ಗಿಡದ ಬುಡಕ್ಕೆ ತೊಟ್ಟಿಕ್ಕುವ ಆ ಕರೀ ಗುಂಡಿಗೆ ಡ್ರಿಪ್ಪರ್ ಅನ್ನುತ್ತಾರೆ. "ಇಷ್ಟು ದೊಡ್ಡ ಗಿಡಕ್ಕೆ ಇದೇನಪ್ಪಾ, ಕಣ್ಣಿಗೆ ಔಷಧಿ ಬಿಟ್ಟ ಹಾಗೆ!" ಎಂದು ಗೊಣಗುತ್ತಾ ದಬ್ಬಳದಿಂದ ಅದರ ತೂತು ಅಗಲ ಮಾಡುವುದು. ನೀರು ಚಿಲ್ಲೆಂದು ಚಿಮ್ಮುತ್ತಿತ್ತು. ಬುಡದಲ್ಲಿ ಸಣ್ಣ ಪಾತಿಯೇ ತುಂಬುತ್ತಿತ್ತು. "ಕುಡಿ ಕಂದಾ, ಹೊಟ್ಟೆ ತುಂಬ ಕುಡಿ," ಎನ್ನುತ್ತಿದ್ದಳು. ದಿನಕ್ಕೆ ಕೆಲವು ಗಿಡ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು, ಮನಸ್ಸಿಗೆ ಮಾತ್ರ ಹಾಯಾಗುತ್ತಿತ್ತು. ಪಾಪ, ತೋಟಕ್ಕೆ ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ಅವಳು ನಂಬಿದ್ದಳು.

ಶನಿವಾರದ ಬಸ್ಸಿಗೆ ಅವಳ ತಂಗಿ ಬಂದಿಳಿದಳು. ಕೈಯಲ್ಲೊಂದು ಚೀಲ, ಬಾಯಲ್ಲಿ ನೂರು ಮಾತು. ಅವಳ ಊರಲ್ಲಿ ಹನಿ ನೀರಾವರಿ ಬಂದು ಎಷ್ಟೋ ವರ್ಷವಾಗಿತ್ತು. ಮೊದಲ ವರ್ಷ ತನ್ನ ಅರ್ಧ ತೋಟ ಒಣಗಿಸಿಕೊಂಡು ಪಾಠ ಕಲಿತವಳು ಅವಳು. ಈಗ ಅಲ್ಲಿ ಯಾರ ಪೈಪು ಕೆಟ್ಟರೂ ಮೊದಲು ಇವಳನ್ನೇ ಕರೆಯುತ್ತಾರೆ.

"ಏನೇ ಅಕ್ಕಾ, ಮನೆ ಪರೀಕ್ಷೆ ನಡೆಯೋ ಶಾಲೆ ಥರ ಇದೆ? ಯಾರೂ ತುಟಿ ಪಿಟಿಕ್ ಅಂತಿಲ್ಲ," ಎಂದಳು.

"ಪೈಪು ಕೀಳ್ತಾನಂತೆ ಕಣೇ ನಿನ್ನ ಮಗ. ಕಾಲುವೆ ಮಾಡ್ತಾನಂತೆ." ದೊಡ್ಡಮ್ಮನ ದನಿಯಲ್ಲಿ ಖುಷಿ ಅಡಗಲಿಲ್ಲ. "ನಾವು ಚಿಕ್ಕವರಿದ್ದಾಗ ಅಪ್ಪನ ಹೊಲದ ಕಾಲುವೇಲಿ ಎಲೆ ದೋಣಿ ಬಿಡ್ತಿದ್ವಲ್ಲ, ನೆನಪಿದೆಯಾ?"

"ನೆನಪಿಲ್ಲದೆ ಏನು? ನನ್ನ ದೋಣಿ ಮುಳುಗಿಸ್ತಿದ್ದವಳು ನೀನೇ ಅಲ್ವಾ!" ತಂಗಿ ನಕ್ಕಳು. ನಗುತ್ತಲೇ ಅವಳ ಮುಖ ಮೆತ್ತಗಾಯಿತು. "ಎಷ್ಟು ನೀರಿತ್ತಲ್ವಾ ಅಕ್ಕಾ ಆಗ? ಬಾವಿಗೆ ಬಗ್ಗಿದ್ರೆ ಮುಖ ಕಾಣ್ತಿತ್ತು. ನನಗೂ ಆಸೆಯಾಗುತ್ತೆ. ಆದ್ರೆ ಆ ನೀರನ್ನ ಎಲ್ಲಿಂದ ತರ್ತೀಯಾ ಹೇಳು?"

ಸೊಸೆ ತಂದ ಚಹಾ ಕುಡಿದು ತಂಗಿ ಎದ್ದು ನಿಂತಳು. "ನಡೀರಿ, ತೋಟ ನೋಡೋಣ. ಎರಡು ಲೋಟ ತಗೊಳಮ್ಮಾ, ಒಂದೇ ಅಳತೆಯವು," ಎಂದಳು ಸೊಸೆಗೆ.

"ಲೋಟ ಯಾಕೆ ಚಿಕ್ಕಮ್ಮಾ?"

"ಗಿಡದ ಜೊತೆ ಚಹಾ ಕುಡಿಯೋಕೆ. ಬಾ ಸುಮ್ನೆ."

ನಾಲ್ವರೂ ಹೋದರು. ಮಗ ಮೋಟಾರು ಹಾಕಿದ. ಚಿಕ್ಕಮ್ಮ ಒಂದು ಲೋಟವನ್ನು ಮೊದಲ ಗಿಡದ ಡ್ರಿಪ್ಪರ್ ಕೆಳಗಿಟ್ಟಳು. ಇನ್ನೊಂದನ್ನು ಸೊಸೆಯ ಕೈಗೆ ಕೊಟ್ಟು ಕೊನೆಯ ಸಾಲಿನ ಕೊನೆಯ ಗಿಡಕ್ಕೆ ಕಳಿಸಿದಳು. ಮಾತು ಮುಗಿಯುವಷ್ಟರಲ್ಲಿ ಮೊದಲ ಲೋಟ ತುಂಬಿ ಚೆಲ್ಲಿತು. ಸೊಸೆ ಆ ತುದಿಯಿಂದ ತನ್ನ ಲೋಟ ತಂದು ಬಗ್ಗಿಸಿ ತೋರಿಸಿದಳು. ತಳ ಒದ್ದೆಯಾಗಿತ್ತು, ಅಷ್ಟೆ.

"ನೋಡಿದ್ರಾ? ನೀರಿಲ್ಲ ಅಂತಲ್ಲ. ಮುಂದಿರೋರೇ ಎಲ್ಲ ಗುಳುಂ ಮಾಡ್ತಿದ್ದಾರೆ, ಹಿಂದಿರೋರಿಗೆ ಗಾಳಿಯೇ ಗತಿ," ಎಂದಳು ಚಿಕ್ಕಮ್ಮ. ಮುಂದಿನ ಸಾಲಿನ ಒಂದು ಕಾಯಿ ಹಿಡಿದು ತಿರುಗಿಸಿದಳು. ಅದು ಬಿರುಕು ಬಿಟ್ಟಿತ್ತು. "ಇಲ್ಲಿ ನೀರು ಜಾಸ್ತಿಯಾಗಿ ಕಾಯಿ ಸೀಳ್ತಿದೆ, ಅಲ್ಲಿ ನೀರಿಲ್ಲದೆ ಎಲೆ ಸುಡ್ತಿದೆ."

ಆಮೇಲೆ ಅವಳು ಮೋಟಾರು ನಿಲ್ಲಿಸಲು ಹೇಳಿದಳು. "ಫಿಲ್ಟರ್ ಯಾವಾಗ ತೊಳೆದದ್ದಪ್ಪಾ?"

ಮಗ ತಲೆ ಕೆರೆದುಕೊಂಡ. "ಅದನ್ನ ತೊಳೀಬೇಕಾ? ಹಾಕಿದವರು ಸ್ವಿಚ್ ಹಾಕಿ ಮಲಗಿಕೊಳ್ಳಿ ಅಂದಿದ್ರು."

"ಅವರು ಅಂದ್ರು, ನೀನು ಮಲಗಿದೆ!"

ಸೊಸೆಗೆ ನಗು ತಡೆಯಲಾಗಲಿಲ್ಲ. ಎರಡು ದಿನದಲ್ಲಿ ಅವಳು ನಕ್ಕಿದ್ದು ಇದೇ ಮೊದಲು. ಮಗ ಮುಚ್ಚಳ ಬಿಚ್ಚಿದ. ಒಳಗಿನ ಜಾಲರಿಯ ತುಂಬ ಮರಳು, ಪಾಚಿ, ಹಸಿರು ಲೋಳೆ. ಅವನು ಮೂಗು ಮುಚ್ಚಿಕೊಂಡ. ತೊಳೆದು ಕೂರಿಸಿ ಮೋಟಾರು ಹಾಕಿದ ಮೇಲೆ ಚಿಕ್ಕಮ್ಮ ಕೊನೆಯ ಸಾಲಿನಲ್ಲಿ ಮಡಚಿ ಸಿಕ್ಕಿಸಿದ್ದ ಪೈಪಿನ ತುದಿ ಬಿಚ್ಚಿಸಿದಳು. ಮೊದಲು ಬಂದದ್ದು ನೀರಲ್ಲ, ಕೆಂಪು ರಾಡಿ. ತುಂಬ ಹೊತ್ತಿನ ಮೇಲೆ ತಿಳಿನೀರು ಬಂತು. ಕೆಲವು ಡ್ರಿಪ್ಪರ್‌ಗಳ ಬಾಯಿಗೆ ಬೋರಿನ ನೀರಿನ ಉಪ್ಪು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅಲ್ಲಲ್ಲಿ ಅಳಿಲು ಕಡಿದು ಪೈಪು ಹರಿದಿತ್ತು.

"ಅಳಿಲಿಗೂ ದಾಹ ಕಣಪ್ಪಾ. ಬದುವಿನ ಮೇಲೆ ಅಗಲದ ಪಾತ್ರೇಲಿ ನೀರಿಡು. ಪೈಪಿನ ತಂಟೆಗೆ ಅಷ್ಟಾಗಿ ಬರಲ್ಲ," ಎನ್ನುತ್ತಾ ಚಿಕ್ಕಮ್ಮ ಮುಂದಿನ ಸಾಲಿಗೆ ಬಂದು ಬಗ್ಗಿದಳು. ಒಂದು ಡ್ರಿಪ್ಪರ್ ನೋಡಿದಳು. ಪಕ್ಕದ್ದನ್ನೂ ನೋಡಿದಳು. ಹುಬ್ಬು ಗಂಟಾಯಿತು.

"ಇದು ಅಳಿಲಿನ ಕೆಲಸ ಅಲ್ಲ. ಅಳಿಲು ಕಡಿದ್ರೆ ಹರಕು ಹರಕಾಗಿರುತ್ತೆ. ಇದು ಗುಂಡಗಿದೆ. ಯಾರೋ ಕೂತು ಚುಚ್ಚಿದ್ದಾರೆ. ಒಂದೊಂದು ತೂತು ಐದಾರು ಗಿಡದ ನೀರು ಕುಡೀತಿದೆ. ಕೊನೆಯ ಸಾಲು ಒಣಗದೆ ಇನ್ನೇನು?"

ಮಗ ಸರ್ರನೆ ಹೆಂಡತಿಯ ಕಡೆ ತಿರುಗಿದ. "ನೀನಾ? ನಿನಗೇನು ತಲೆ ಕೆಟ್ಟಿದೆಯಾ?"

ಸೊಸೆಯ ಕಣ್ಣು ತುಂಬಿದವು. "ನಾನ್ಯಾಕೆ ಚುಚ್ಚಲಿ?" ಎಂದಳು.

ದೊಡ್ಡಮ್ಮನ ಕೈ ತಾನಾಗಿಯೇ ಸೊಂಟದ ದಬ್ಬಳದ ಮೇಲೆ ಹೋಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸೋಮವಾರ ಟ್ರ್ಯಾಕ್ಟರ್ ಬರುತ್ತದೆ, ಕಾಲುವೆ ಬರುತ್ತದೆ, ಆ ಗುಳುಗುಳು ಸದ್ದು ಮತ್ತೆ ಕಿವಿಗೆ ಬೀಳುತ್ತದೆ. ಸೊಸೆ ಮಾತ್ರ ಜೀವನವಿಡೀ ತೋಟ ಕೆಡಿಸಿದವಳು ಅನ್ನಿಸಿಕೊಳ್ಳುತ್ತಾಳೆ. ಆ ಹುಡುಗಿ ನಿಂತಲ್ಲೇ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಮುದುಕಿ ಮುಂದೆ ಬಂದಳು.

"ಅವಳಲ್ಲ ಕಣೋ. ನಾನು," ಎಂದು ದಬ್ಬಳ ತೆಗೆದು ಮಗನ ಕೈಗಿಟ್ಟಳು.

"ಅಮ್ಮಾ! ಯಾಕಮ್ಮಾ?"

"ಗಿಡಕ್ಕೆ ಸಾಲಲ್ಲ ಅಂದ್ಕೊಂಡೆ. ಮೇಲೆ ನೋಡಿದ್ರೆ ಮಣ್ಣು ಒಣಗಿಯೇ ಇರುತ್ತಲ್ಲೋ. ಹೊಟ್ಟೆ ಉರೀತಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ನೀರು ಕಾಣಬೇಕಿತ್ತು. ಕಣ್ಣಾರೆ ನೀರು ಹರಿಯೋದು ನೋಡಿ ವರ್ಷವಾಯ್ತು. ನಾನೇ ನನ್ನ ಕೈಯಾರೆ ಕೊನೆ ಸಾಲು ಸಾಯಿಸಿದೆನಲ್ಲೋ!"

ಮಗ ದಬ್ಬಳ ಹಿಡಿದುಕೊಂಡೇ ನಿಂತ. ಸೊಸೆ ಬಂದು ಅತ್ತೆಯ ಕೈ ಹಿಡಿದುಕೊಂಡಳು.

ಚಿಕ್ಕಮ್ಮ ಮಾತ್ರ ನೆಲದ ಮೇಲೆ ಕೂತು, ಚುಚ್ಚದೆ ಉಳಿದಿದ್ದ ನಡುವಿನ ಗಿಡವೊಂದರ ಬುಡದಲ್ಲಿ ಕೈಯಿಂದಲೇ ಮಣ್ಣು ತೋಡತೊಡಗಿದಳು. ಮೇಲೆ ಬೂದಿಯ ಹಾಗೆ ಒಣಮಣ್ಣು. ಗೇಣು ಇಳಿದ ಮೇಲೆ ಮಣ್ಣು ಕಪ್ಪಗೆ ತಂಪಾಗಿತ್ತು. ಒಂದು ಹಿಡಿ ತೆಗೆದು ಅಕ್ಕನ ಅಂಗೈಗೆ ಹಾಕಿದಳು. "ಹಿಸುಕು."

ದೊಡ್ಡಮ್ಮ ಹಿಸುಕಿದಳು. ಮಣ್ಣು ಉಂಡೆಯಾಗಿ ನಿಂತಿತು. "ಅಯ್ಯೋ, ಒಳಗೆ ಹಸಿ ಇದೆಯಲ್ಲೇ!"

"ಬೇರು ಇರೋದು ಒಳಗೆ ತಾನೇ? ಮೇಲೆ ನಿಂತ ನೀರು ಬಿಸಿಲಿಗೆ ಹೋಗುತ್ತೆ, ಕಳೆಗೆ ಹೋಗುತ್ತೆ. ಇದು ಸೀದಾ ಬೇರಿಗೆ ಹೋಗುತ್ತೆ. ಕಣ್ಣಿಗೆ ಕಾಣಲ್ಲ ಅಷ್ಟೆ. ಇನ್ನು ಅಳಬೇಡ. ನೀನು ಚುಚ್ಚಿದೆ, ಇವನು ಮಲಗಿದ, ಇವಳು ಹಾಕಿಸಿದ ಮೇಲೆ ತಿರುಗಿ ನೋಡಲಿಲ್ಲ. ಪೈಪೊಂದೇ ಪಾಪ ತಪ್ಪು ಮಾಡಿಲ್ಲ, ಅದನ್ನೇ ಕೀಳೋಕೆ ಹೊರಟಿದ್ದೀರಾ!"

ಮೂವರೂ ಮುಖ ಮುಖ ನೋಡಿಕೊಂಡರು.

"ಹೋಗಲಿ, ಒಂದು ಕೇಳ್ತೀನಿ ಹೇಳು ಅಕ್ಕಾ. ಕಾಲುವೆ ಕಾಲದಲ್ಲಿ ನೀರು ಬಿಡೋಕೆ ಮುಂಚೆ ಭಾವ ಏನು ಮಾಡ್ತಿದ್ರು?"

"ಕಾಲುವೆ ಬಾಯಲ್ಲಿರೋ ಕಸ ಎತ್ತಿ ಹಾಕ್ತಿದ್ರು."

"ಅದೇ ಈಗ ಫಿಲ್ಟರ್ ತೊಳೆಯೋದು. ಹೂಳು ತುಂಬಿದ್ರೆ?"

"ತುದಿ ಒಡೆದು ರಾಡಿ ಹೊರಗೆ ಬಿಡ್ತಿದ್ವಿ."

"ಅದೇ ಪೈಪಿನ ತುದಿ ಬಿಚ್ಚಿ ತೊಳೆಯೋದು. ಬದುವಿನಲ್ಲಿ ಇಲಿ ಬಿಲ ತೋಡಿದ್ರೆ?"

"ಕೂಡಲೇ ಮುಚ್ಚಬೇಕು. ಇಲ್ಲದಿದ್ರೆ ನೀರೆಲ್ಲ ಪಕ್ಕದ ಹೊಲಕ್ಕೆ ಹೋಗುತ್ತೆ." ದೊಡ್ಡಮ್ಮನ ದನಿ ಈಗ ಗಟ್ಟಿಯಾಗಿತ್ತು. "ನೀರು ಕಡಿಮೆ ಇದ್ದ ದಿನ ಅವರು ಕೊನೆ ಪಾತಿಯಿಂದಲೇ ಶುರು ಮಾಡ್ತಿದ್ರು ಕಣೇ. ಹತ್ತಿರದ್ದು ಹೇಗೂ ಕುಡಿಯುತ್ತೆ, ದೂರದ್ದನ್ನ ಕೇಳೋರ್ಯಾರು ಅಂತಿದ್ರು."

"ಈಗ ಈ ತೋಟದಲ್ಲಿ ದೂರದ್ದನ್ನ ಕೇಳೋರ್ಯಾರು?"

ಸೊಸೆ ಮೆಲ್ಲಗೆ, "ಅತ್ತೆ, ನೀವೇ ನೋಡ್ಕೊಳ್ತೀರಾ? ನಮ್ಮಿಬ್ಬರಿಗಿಂತ ನೀರಿನ ದಾರಿ ನಿಮಗೇ ಚೆನ್ನಾಗಿ ಗೊತ್ತು," ಎಂದಳು.

ಅದನ್ನು ಅವಳು ಸಮಾಧಾನಕ್ಕೆ ಹೇಳಲಿಲ್ಲ, ನಿಜವಾಗಿ ಕೇಳಿದಳು. ಅದು ದೊಡ್ಡಮ್ಮನಿಗೆ ಗೊತ್ತಾಯಿತು. ತಡೆದುಕೊಂಡಿದ್ದ ಅಳು ಆಗ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ದಿನದಿಂದ ಅವಳನ್ನು ಯಾರೂ ಒಂದು ಕೆಲಸ ಕೇಳಿರಲಿಲ್ಲ.

ಮಗ ಒಂದೇ ಮಾತಿಗೆ ಬಗ್ಗುವ ಆಸಾಮಿಯಲ್ಲ. "ಸರಿ, ಟ್ರ್ಯಾಕ್ಟರ್‌ಗೆ ಸದ್ಯಕ್ಕೆ ಬೇಡ ಅಂತೀನಿ. ಗಿಡ ಚೇತರಿಸಿಕೊಳ್ಳದಿದ್ರೆ ಆಮೇಲೆ ಯಾರ ಮಾತೂ ಕೇಳಲ್ಲ," ಎಂದ. ಅಷ್ಟು ಹೇಳಿ ಹೆಂಡತಿಯ ಪಕ್ಕ ಬಂದು, "ನಿನ್ನ ಮೇಲೆ ಸುಮ್ಮನೆ ರೇಗಿದೆ," ಎಂದು ಯಾರಿಗೂ ಕೇಳದ ಹಾಗೆ ಹೇಳಿದ. ಚಿಕ್ಕಮ್ಮನಿಗೆ ಕೇಳಿಸಿತು, ಕೇಳಿಸದವಳ ಹಾಗೆ ಆ ಕಡೆ ನೋಡಿದಳು.

ಮಾರನೆಯ ದಿನವೇ ಕೆಲಸ ಶುರು. ಚುಚ್ಚಿದ ಡ್ರಿಪ್ಪರ್‌ಗಳನ್ನು ತೆಗೆದು ಹೊಸವು ಹಾಕಿದರು. ಹರಿದ ಪೈಪನ್ನು ಕತ್ತರಿಸಿ ಜೋಡಿಸಿದರು. ಬಿಚ್ಚಲು ಬರುವ ಡ್ರಿಪ್ಪರ್‌ಗಳನ್ನು ಬಿಚ್ಚಿ ತೊಳೆದರು. ಗಟ್ಟಿಯಾಗಿ ಉಪ್ಪು ಕಟ್ಟಿದ ಪೈಪಿಗೆ ಆಸಿಡ್ ಬಿಡೋಣವೇ ಎಂದು ಮಗ ಕೇಳಿದಾಗ ಚಿಕ್ಕಮ್ಮ ಗದರಿದಳು. "ಕೈ ಸುಟ್ಕೋತೀಯಾ! ಅದು ತಿಳಿದವರ ಕೆಲಸ. ಕೃಷಿ ಕಚೇರಿಯವರನ್ನ ಕೇಳು. ಎಷ್ಟು, ಹೇಗೆ ಅಂತ ಅವರು ಬಂದು ನಿಂತು ಮಾಡಿಸಲಿ." ಗಿಡದ ಬುಡಕ್ಕೆಲ್ಲ ಸೊಸೆ ಒಣಹುಲ್ಲು ಹೊದಿಸಿದಳು.

ದೊಡ್ಡಮ್ಮನಿಗೆ ಬೆಳಗಾದರೆ ಪುರುಸೊತ್ತಿಲ್ಲ. ಮೋಟಾರು ಹಾಕಿದ ಮೇಲೆ ಸಾಲು ಸಾಲಾಗಿ ನಡೆದು ಪ್ರತಿ ಡ್ರಿಪ್ಪರಿನ ಕೆಳಗೆ ಬೆರಳು ಹಿಡಿಯುತ್ತಾಳೆ. ಎಲ್ಲಾದರೂ ಹನಿ ನಿಂತಿದ್ದರೆ ಅಲ್ಲೇ ನಿಂತು ಮಗನನ್ನು ಕೂಗುತ್ತಾಳೆ. ಫಿಲ್ಟರ್ ತೊಳೆಯದೆ ಸ್ವಿಚ್ ಮುಟ್ಟಿದರೆ ಅವನ ಜನ್ಮ ಜಾಲಾಡುತ್ತಾಳೆ. "ಈ ಪೈಪು ಹಾಕಿಸಿ ನಾನು ಕೆಟ್ಟೆ ಅಂತಿದ್ದೆ, ಈಗ ಅಮ್ಮನಿಗೆ ಕೊಟ್ಟು ಕೆಟ್ಟೆ," ಎಂದು ಅವನು ಹಲ್ಲು ಬಿಡುತ್ತಾನೆ.

ಎಲ್ಲ ಗಿಡ ಉಳಿಯಲಿಲ್ಲ. ಕೊನೆಯ ಸಾಲಿನಲ್ಲಿ ಮೂರು ಹೋದವು. ಕಿತ್ತು ಹಾಕುವಾಗ ದೊಡ್ಡಮ್ಮ ಅತ್ತ ನೋಡಲಿಲ್ಲ. ಮಿಕ್ಕವು ತಡವಾಗಿಯಾದರೂ ಕೆಂಪು ಚಿಗುರು ಒಡೆದವು. ಮುಂದಿನ ಸಾಲಿನ ಕಾಯಿ ಸೀಳುವುದು ನಿಂತಿತು. ಬೋರು ಬೇಸಿಗೆ ದಾಟಿತು. ಹಣ್ಣು ಕೊಯ್ಯುವ ದಿನ ಬಂದ ತಂಗಿ ಗಿಡದ ನೆರಳಲ್ಲಿ ಅಕ್ಕನ ಪಕ್ಕ ಕೂತು ಕೇಳಿದಳು.

"ಏನಕ್ಕಾ, ಈಗ ಸಮಾಧಾನವಾ? ಹಳೇ ಕಾಲುವೆ ಮರೆತುಹೋಯ್ತಾ?"

"ಹೇಗೆ ಮರೀಲಿ ಕಣೇ? ಈಗಲೂ ಬೆಳಿಗ್ಗೆ ಎಚ್ಚರ ಆದಾಗ ಆ ಸದ್ದು ಬೇಕು ಅನ್ಸುತ್ತೆ. ನಿಮ್ಮ ಭಾವನೂ ಬೇಕು ಅನ್ಸುತ್ತೆ." ಎದುರಿಗೆ ಸೊಸೆ ಬುಟ್ಟಿ ತುಂಬಿ ಎತ್ತಲಾಗದೆ ಗಂಡನನ್ನು ಕರೆಯುತ್ತಿದ್ದಳು. "ಆ ನೀರು ಹೋಯ್ತು. ನಾವು ಅದನ್ನ ನೋಡಿದವರು, ನಮಗೆ ಅಷ್ಟು ಪುಣ್ಯ ಇತ್ತು. ಉಳಿದಿರೋ ಇಷ್ಟು ನೀರು ಇವರದ್ದು. ಇದನ್ನ ನಾನು ಚೆಲ್ಲಬಾರದು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಡ್ರಿಪ್ ಹಾಕಿಸಿ ಸ್ವಿಚ್ ಒತ್ತಿ ಬಂದುಬಿಟ್ಟಿದ್ದೀರಾ? ನಾಳೆ ಬೆಳಿಗ್ಗೆ ಎರಡು ಲೋಟ ಹಿಡಿದು ತೋಟಕ್ಕೆ ಹೋಗಿ. ಮೊದಲ ಗಿಡಕ್ಕೊಂದು, ಕಡೆಯ ಗಿಡಕ್ಕೊಂದು ಇಟ್ಟು ನೋಡಿ. ಎರಡೂ ಒಂದೇ ಸಮ ತುಂಬದಿದ್ದರೆ ಪೈಪನ್ನು ಬೈಯಬೇಡಿ, ತೂತನ್ನೂ ಚುಚ್ಚಬೇಡಿ. ಫಿಲ್ಟರ್ ತೊಳೆಯಿರಿ, ತುದಿ ಬಿಚ್ಚಿ ರಾಡಿ ಬಿಡಿ, ಸೋರುವುದನ್ನು ಮುಚ್ಚಿ, ತಿಳಿಯದಿದ್ದರೆ ತಿಳಿದವರನ್ನು ಕೇಳಿ. ನಿಮ್ಮ ಮನೆಯಲ್ಲೂ ಒಂದು ಕಾಲದಲ್ಲಿ ನೀರು ಕಟ್ಟಿದ ಹಿರಿಯರಿದ್ದರೆ ಅವರನ್ನು ಕಿಟಕಿಯ ಪಕ್ಕ ಕೂರಿಸಬೇಡಿ, ಕೈ ಹಿಡಿದು ತೋಟಕ್ಕೆ ಕರೆದುಕೊಂಡು ಹೋಗಿ. ನಿಮ್ಮ ನೀರು ಎಲ್ಲಿ ತಪ್ಪಿಸಿಕೊಳ್ಳುತ್ತಿದೆಯೆಂದು ಅವರೇ ಹೇಳುತ್ತಾರೆ.